ಸೂಜಿಗಲ್ಲಿನ ಗುಟ್ಟು

ಕಬ್ಬಿಣದ ಸೂಜಿಯನ್ನು ತನ್ನೆಡೆಗೆ ಸೆಳೆದುಕೊಳ್ಳುವ ಕಪ್ಪು ಕಲ್ಲಿಗೆ ನಮ್ಮ ಹಿರಿಯರು ಸೂಜಿಗಲ್ಲು ಎಂದು ಹೆಸರಿಟ್ಟರು. ಸಂಸ್ಕೃತದಲ್ಲಿ ಅದು ಅಯಸ್ಕಾಂತ. ಅಯಸ್ ಎಂದರೆ ಕಬ್ಬಿಣ. ಕಾಂತ ಎಂದರೆ ಪ್ರಿಯನಾದವನು. ಕಬ್ಬಿಣಕ್ಕೆ ಪ್ರಿಯವಾದ ಕಲ್ಲು ಎಂಬ ಈ ಹೆಸರಿನಲ್ಲಿ ಆ ಕಲ್ಲಿನ ಗುಣವೂ ಇದೆ, ಅದನ್ನು ಕಂಡವರ ಬೆರಗೂ ಇದೆ. ದಡ ಕಾಣದ ಕಡಲಿನಲ್ಲಿ ನಾವಿಕರಿಗೆ ಉತ್ತರ ದಿಕ್ಕನ್ನು ತೋರಿದ್ದು ಈ ಕಲ್ಲೇ. ಮನುಷ್ಯನು ಮೊದಲು ಪರಿಚಯ ಮಾಡಿಕೊಂಡ ಕಾಂತವಸ್ತುವೂ ಇದೇ.

ಖನಿಜಶಾಸ್ತ್ರದಲ್ಲಿ ಈ ವಸ್ತುವಿನ ಹೆಸರು ಮ್ಯಾಗ್ನೆಟೈಟ್. ಭೂಮಿಯ ಅನೇಕ ಭಾಗಗಳಲ್ಲಿ ಇದು ದೊರೆಯುತ್ತದೆ. ನಮ್ಮ ಚಿಕ್ಕಮಗಳೂರು ಜಿಲ್ಲೆಯ ಕುದುರೆಮುಖದ ಬೆಟ್ಟಗಳಲ್ಲಿಯೂ ಮ್ಯಾಗ್ನೆಟೈಟ್ ಅದಿರಿನ ದೊಡ್ಡ ನಿಕ್ಷೇಪವಿದೆ. ಅದನ್ನು ತೆಗೆಯುವುದಕ್ಕಾಗಿ 1976ರಲ್ಲಿ ಒಂದು ಸರ್ಕಾರಿ ಕಂಪನಿ ಸ್ಥಾಪಿತವಾಯಿತು. ಅರಣ್ಯದ ರಕ್ಷಣೆಗಾಗಿ ಸರ್ವೋಚ್ಚ ನ್ಯಾಯಾಲಯವು ನೀಡಿದ ತೀರ್ಪಿನಂತೆ 2005ರ ಕೊನೆಯಲ್ಲಿ ಅಲ್ಲಿಯ ಗಣಿಗಾರಿಕೆ ನಿಂತಿತು.

ಇಷ್ಟು ಹಳೆಯ, ಇಷ್ಟು ಪರಿಚಿತವಾದ ಕಲ್ಲಿನಲ್ಲಿ ತಿಳಿಯಬೇಕಾದದ್ದು ಇನ್ನೇನು ಉಳಿದೀತು ಎಂದು ಯಾರಿಗಾದರೂ ಅನ್ನಿಸಬಹುದು. ಆದರೆ ಅದರ ಒಡಲೊಳಗೆ ಅಡಗಿದ್ದ ಒಂದು ಗುಟ್ಟು ವಿಜ್ಞಾನಿಗಳನ್ನು ಎಪ್ಪತ್ತು ವರ್ಷಗಳಿಗೂ ಮೀರಿ ಕಾಡಿತು. ಒಮ್ಮೆ ಉತ್ತರ ಸಿಕ್ಕಿತೆಂದು ಎಲ್ಲರೂ ನಂಬಿದರು. ಆ ಉತ್ತರದ ಆಧಾರವು ಕುಸಿಯಿತು. ಉತ್ತರವೇ ಇಲ್ಲವೇನೋ ಎಂದು ಕೆಲವರು ಸಂಶಯಪಟ್ಟರು. ಆಗ ಉತ್ತರವು ಹೊಸ ರೂಪದಲ್ಲಿ ಎದುರಿಗೆ ಬಂದು ನಿಂತಿತು. ಆ ಶೋಧನೆಯ ಕಥೆಯೇ ಈ ಪಾಠದ ವಸ್ತು.

ಮ್ಯಾಗ್ನೆಟೈಟ್ ಕಬ್ಬಿಣ ಮತ್ತು ಆಮ್ಲಜನಕಗಳ ಸಂಯುಕ್ತ. ಅಂದರೆ ಅದೊಂದು ಆಕ್ಸೈಡು. ಅದರಲ್ಲಿ ನಾಲ್ಕು ಆಮ್ಲಜನಕ ಪರಮಾಣುಗಳಿಗೆ ಮೂರು ಕಬ್ಬಿಣದ ಪರಮಾಣುಗಳ ಲೆಕ್ಕವಿದೆ. ಆಮ್ಲಜನಕದ ಪ್ರತಿಯೊಂದು ಪರಮಾಣುವೂ ಕಬ್ಬಿಣದಿಂದ ಎರಡು ಎಲೆಕ್ಟ್ರಾನುಗಳನ್ನು ಪಡೆಯುತ್ತದೆ. ಹಾಗಾದರೆ ಮೂರು ಕಬ್ಬಿಣದ ಪರಮಾಣುಗಳು ಸೇರಿ ಎಂಟು ಎಲೆಕ್ಟ್ರಾನುಗಳನ್ನು ಕೊಡಬೇಕಾಯಿತು. ಎಂಟನ್ನು ಮೂವರಲ್ಲಿ ಸಮನಾಗಿ ಹಂಚಲು ಬರುವುದಿಲ್ಲ. ಆದ್ದರಿಂದ ಎರಡು ಪರಮಾಣುಗಳು ಮೂರು ಮೂರು ಎಲೆಕ್ಟ್ರಾನುಗಳನ್ನೂ ಒಂದು ಪರಮಾಣು ಎರಡನ್ನೂ ಕೊಡುತ್ತವೆ ಎಂದು ರಸಾಯನಶಾಸ್ತ್ರಜ್ಞರು ಲೆಕ್ಕ ಹಾಕಿದರು. ಹೀಗೆ ಎಲೆಕ್ಟ್ರಾನುಗಳನ್ನು ಕಳೆದುಕೊಂಡು ಧನ ವಿದ್ಯುದಾವೇಶವನ್ನು ಪಡೆದ ಪರಮಾಣುವಿಗೆ ಅಯಾನು ಎಂದು ಹೆಸರು. ಮ್ಯಾಗ್ನೆಟೈಟಿನಲ್ಲಿ ಎರಡು ಆವೇಶದ ಕಬ್ಬಿಣದ ಅಯಾನು ಮತ್ತು ಮೂರು ಆವೇಶದ ಕಬ್ಬಿಣದ ಅಯಾನು ಎಂಬ ಎರಡು ಬಗೆಗಳು ಒಂದೇ ಮನೆಯಲ್ಲಿ ವಾಸಿಸುತ್ತಿವೆ. ಯಾವುದು ಎಲ್ಲಿದೆ? ಗುಟ್ಟಿನ ಬೇರು ಇರುವುದು ಈ ಸಣ್ಣ ಪ್ರಶ್ನೆಯಲ್ಲಿ.

ಪರಮಾಣುಗಳನ್ನು ಕಣ್ಣಿನಿಂದ ಕಾಣಲು ಸಾಧ್ಯವಿಲ್ಲ. ಅವುಗಳ ನಡುವಣ ಅಂತರ ಒಂದು ಮಿಲಿಮೀಟರಿನ ಕೋಟಿಯಲ್ಲಿ ಒಂದೆರಡು ಭಾಗದಷ್ಟು ಮಾತ್ರ. ಕಣ್ಣಿಗೆ ಕಾಣುವ ಬೆಳಕಿನ ಅಲೆಗಳು ಇದಕ್ಕಿಂತ ಸಾವಿರಾರು ಪಟ್ಟು ಉದ್ದವಾದವು. ಆದ್ದರಿಂದ ಎಷ್ಟೇ ಉತ್ತಮವಾದ ಸೂಕ್ಷ್ಮದರ್ಶಕವನ್ನು ಹಿಡಿದರೂ ಆ ಬೆಳಕು ಪರಮಾಣುಗಳ ವಿಷಯವನ್ನು ಹೇಳಲಾರದು. ಆದರೆ ಕ್ಷ-ಕಿರಣಗಳ ಅಲೆಯ ಉದ್ದವು ಪರಮಾಣುಗಳ ಅಂತರಕ್ಕೆ ಸರಿಹೊಂದುತ್ತದೆ. 1912ರಲ್ಲಿ ಜರ್ಮನಿಯ ಮ್ಯಾಕ್ಸ್ ಫಾನ್ ಲೌಯೆ ಎಂಬ ವಿಜ್ಞಾನಿಯ ಸೂಚನೆಯಂತೆ ಒಂದು ಸ್ಫಟಿಕದ ಮೂಲಕ ಕ್ಷ-ಕಿರಣಗಳನ್ನು ಹಾಯಿಸಿ ನೋಡಿದಾಗ, ಅವು ಮನಬಂದಂತೆ ಚೆದುರದೆ ಗೊತ್ತಾದ ಕೆಲವು ದಿಕ್ಕುಗಳಲ್ಲಿ ಮಾತ್ರ ಚೆದುರಿದವು. ಛಾಯಾಚಿತ್ರದ ಹಲಗೆಯ ಮೇಲೆ ಗುರುತುಗಳ ಒಂದು ಸುಂದರ ವಿನ್ಯಾಸ ಮೂಡಿತು. ಇಂಗ್ಲೆಂಡಿನ ವಿಲಿಯಂ ಹೆನ್ರಿ ಬ್ರಾಗ್ ಮತ್ತು ಅವರ ಮಗ ಲಾರೆನ್ಸ್ ಬ್ರಾಗ್ ಆ ಗುರುತುಗಳ ಭಾಷೆಯನ್ನು ಓದುವ ಕ್ರಮವನ್ನು ಕಂಡುಹಿಡಿದರು. 1915ರಲ್ಲಿ ತಂದೆ ಮಕ್ಕಳಿಬ್ಬರಿಗೂ ಸೇರಿಸಿ ನೊಬೆಲ್ ಪಾರಿತೋಷಕವನ್ನು ನೀಡಿದಾಗ ಮಗನಿಗೆ 25 ವರ್ಷ ವಯಸ್ಸು.

ಈ ಓದುವಿಕೆಯನ್ನು ತಿಳಿಯಲು ಅಂಗಳದ ಚುಕ್ಕಿ ರಂಗೋಲಿಯನ್ನು ನೆನೆದುಕೊಳ್ಳಬಹುದು. ಸಮದೂರದಲ್ಲಿ ಸಾಲುಸಾಲಾಗಿ ಇಟ್ಟ ಬಿಳಿಯ ಚುಕ್ಕಿಗಳಲ್ಲಿ ಒಂದೇ ಅಂತರವು ಮತ್ತೆ ಮತ್ತೆ ಮರುಕಳಿಸುತ್ತದೆ. ಸ್ಫಟಿಕದೊಳಗಿನ ಪರಮಾಣುಗಳೂ ಹಾಗೆಯೇ. ಮರುಕಳಿಸುವ ಈ ಅಂತರವೇ ಚೆದುರಿದ ಕಿರಣಗಳ ಗುರುತುಗಳು ಎಲ್ಲೆಲ್ಲಿ ಬೀಳಬೇಕೆಂಬುದನ್ನು ನಿರ್ಧರಿಸುತ್ತದೆ. ಈಗ ಅದೇ ಸಾಲಿನಲ್ಲಿ ಒಂದು ಚುಕ್ಕಿಗೆ ಅರಿಸಿನವನ್ನೂ ಮುಂದಿನದಕ್ಕೆ ಕುಂಕುಮವನ್ನೂ ಇಡುತ್ತ ಹೋಗೋಣ. ಚುಕ್ಕಿಗಳ ಸ್ಥಾನ ಕದಲಲಿಲ್ಲ. ಆದರೆ ಅರಿಸಿನದಿಂದ ಅರಿಸಿನಕ್ಕೆ ಇರುವ ದೂರ ಇಮ್ಮಡಿಯಾಯಿತು. ಸ್ಫಟಿಕದಲ್ಲಿ ಇಂಥ ಬದಲಾವಣೆಯಾದರೆ ಹಿಂದೆ ಏನೂ ಇಲ್ಲದ ಜಾಗದಲ್ಲಿ ಮಸುಕಾದ ಹೊಸ ಗುರುತುಗಳು ಹುಟ್ಟಿಕೊಳ್ಳುತ್ತವೆ. ಎರಡು ಬಗೆಯ ಆವೇಶಗಳು ಹೀಗೆ ಅರಿಸಿನ ಕುಂಕುಮಗಳಂತೆ ನಿಯಮಬದ್ಧವಾಗಿ ಸಾಲುಗೂಡುವುದನ್ನು ಆವೇಶಕ್ರಮ ಎನ್ನಬಹುದು. ಅದನ್ನು ಪತ್ತೆಹಚ್ಚುವ ದಾರಿಯೆಂದರೆ ಆ ಮಸುಕಾದ ಗುರುತುಗಳನ್ನು ಹುಡುಕುವುದು.

ಮ್ಯಾಗ್ನೆಟೈಟಿನ ರಚನೆಯನ್ನು ವಿಲಿಯಂ ಹೆನ್ರಿ ಬ್ರಾಗ್ 1915ರಲ್ಲಿಯೇ ಕ್ಷ-ಕಿರಣಗಳಿಂದ ಬಿಡಿಸಿದರು. ಅದೇ ವರ್ಷ ಜಪಾನಿನ ನಿಶಿಕಾವಾ ಎಂಬ ವಿಜ್ಞಾನಿಯೂ ಈ ವರ್ಗದ ಸ್ಫಟಿಕಗಳನ್ನು ಅಭ್ಯಸಿಸಿದ್ದರು. ಇದರ ಸ್ಫಟಿಕವು ಘನಾಕೃತಿಯ ಪುಟ್ಟ ಕೋಶಗಳಿಂದ ಕಟ್ಟಿದ ಮಹಲು. ಒಂದೊಂದು ಕೋಶದಲ್ಲಿಯೂ 32 ಆಮ್ಲಜನಕದ ಮತ್ತು 24 ಕಬ್ಬಿಣದ ಪರಮಾಣುಗಳು, ಒಟ್ಟು 56. ಕಬ್ಬಿಣದವುಗಳಲ್ಲಿ 8 ನಾಲ್ಕು ಆಮ್ಲಜನಕಗಳ ನಡುವೆ ಕುಳಿತಿವೆ. ಉಳಿದ 16 ಆರು ಆಮ್ಲಜನಕಗಳ ನಡುವೆ ಕುಳಿತಿವೆ. ಮೊದಲನೆಯ ಬಗೆಯ ಪೀಠಗಳಲ್ಲಿ ಇರುವುದು ಮೂರು ಆವೇಶದ ಅಯಾನುಗಳೇ. ಎರಡನೆಯ ಬಗೆಯ ಪೀಠಗಳಲ್ಲಿ ಮಾತ್ರ ಎರಡು ಆವೇಶದವೂ ಮೂರು ಆವೇಶದವೂ ಸರಿಸಮನಾಗಿ ಬೆರೆತಿವೆ. ಸಾಧಾರಣ ಉಷ್ಣತೆಯಲ್ಲಿ ಅಲ್ಲಿ ಎಲೆಕ್ಟ್ರಾನುಗಳು ಒಂದು ಅಯಾನಿನಿಂದ ಪಕ್ಕದ ಅಯಾನಿಗೆ ಬಿಡುವಿಲ್ಲದೆ ಜಿಗಿದಾಡುತ್ತಿರುತ್ತವೆ. ಈ ಕ್ಷಣದಲ್ಲಿ ಎರಡು ಆವೇಶದ್ದಾಗಿದ್ದ ಅಯಾನು ಮರುಕ್ಷಣದಲ್ಲಿ ಮೂರು ಆವೇಶದ್ದಾಗುತ್ತದೆ. ಅನೇಕ ಆಕ್ಸೈಡುಗಳು ವಿದ್ಯುತ್ತನ್ನು ಹರಿಯಗೊಡದಿದ್ದರೂ ಮ್ಯಾಗ್ನೆಟೈಟ್ ಸಾಕಷ್ಟು ಒಳ್ಳೆಯ ವಾಹಕವಾಗಿರುವುದಕ್ಕೆ ಈ ಜಿಗಿದಾಟವೇ ಕಾರಣ.

ಹಾಲೆಂಡಿನ ಐಂಡ್‌ಹೋವನ್ ನಗರದಲ್ಲಿ ಫಿಲಿಪ್ಸ್ ಸಂಸ್ಥೆಯ ಸಂಶೋಧನಾಲಯವಿತ್ತು. ಅಲ್ಲಿ ಕೆಲಸ ಮಾಡುತ್ತಿದ್ದ ಎವರ್ಟ್ ವರ್ವೆ ಎಂಬ ವಿಜ್ಞಾನಿಯು ಮ್ಯಾಗ್ನೆಟೈಟನ್ನು ತಂಪುಗೊಳಿಸುತ್ತ ಅದರ ವಿದ್ಯುದ್ವಾಹಕತೆಯನ್ನು ಪರೀಕ್ಷಿಸಿದರು. ಉಷ್ಣತೆಯು ಸೊನ್ನೆಗಿಂತ ಸುಮಾರು 153 ಡಿಗ್ರಿ ಸೆಲ್ಸಿಯಸ್ ಕೆಳಗಿಳಿದಾಗ ಒಂದು ವಿಚಿತ್ರ ಸಂಭವಿಸಿತು. ಅದುವರೆಗೆ ಹರಿಯುತ್ತಿದ್ದ ವಿದ್ಯುತ್ತು ಥಟ್ಟನೆ ತಡೆದಂತಾಗಿ, ವಾಹಕತೆಯು ಸುಮಾರು ನೂರನೆಯ ಒಂದು ಪಾಲಿಗೆ ಕುಸಿಯಿತು. 1939ರಲ್ಲಿ ವರ್ವೆ ಇದನ್ನು ಪ್ರಕಟಿಸಿ ಅದಕ್ಕೆ ಒಂದು ಸರಳವಾದ ವಿವರಣೆಯನ್ನು ನೀಡಿದರು. ಚಳಿಯಲ್ಲಿ ಎಲೆಕ್ಟ್ರಾನುಗಳ ಜಿಗಿದಾಟ ನಿಲ್ಲುತ್ತದೆ. ಎರಡು ಆವೇಶದ ಅಯಾನುಗಳು ಒಂದು ಪದರದಲ್ಲಿ, ಮೂರು ಆವೇಶದವು ಮುಂದಿನ ಪದರದಲ್ಲಿ, ಹೀಗೆ ಒಂದನ್ನು ಬಿಟ್ಟು ಒಂದರಂತೆ ಅವು ಸ್ಥಿರವಾಗಿ ನಿಲ್ಲುತ್ತವೆ. ಸಂತೆಯ ಗದ್ದಲದಲ್ಲಿ ಅತ್ತಿತ್ತ ಅಲೆಯುತ್ತಿದ್ದ ಜನರು ಗಂಟೆಯ ದನಿ ಕೇಳಿ ಸಾಲಾಗಿ ಕುಳಿತುಬಿಟ್ಟರೆ ಹೇಗೋ ಹಾಗೆ. ಈ ಪರಿವರ್ತನೆಗೆ ಇಂದಿಗೂ ವರ್ವೆಯವರ ಹೆಸರೇ ಇದೆ.

ವಿವರಣೆ ಮನಸ್ಸಿಗೆ ಒಪ್ಪುವಂತಿತ್ತು. ಆದರೆ ಮನಸ್ಸಿಗೆ ಒಪ್ಪಿದ ಮಾತ್ರಕ್ಕೆ ವಿಜ್ಞಾನದಲ್ಲಿ ಯಾವುದೂ ಸತ್ಯವಾಗುವುದಿಲ್ಲ. ಅದಕ್ಕೆ ಸಾಕ್ಷ್ಯ ಬೇಕು. ಸಾಕ್ಷ್ಯವನ್ನು ತರುವುದು ಮಾತ್ರ ಸುಲಭವಾಗಿರಲಿಲ್ಲ. ಕ್ಷ-ಕಿರಣಗಳನ್ನು ಚೆದುರಿಸುವುದು ಪರಮಾಣುವಿನ ಎಲೆಕ್ಟ್ರಾನುಗಳು. ಕಬ್ಬಿಣದ ಪರಮಾಣುವಿನಲ್ಲಿ ಇರುವ ಎಲೆಕ್ಟ್ರಾನುಗಳು 26. ಎರಡು ಆವೇಶದ ಅಯಾನಿನಲ್ಲಿ 24 ಉಳಿಯುತ್ತವೆ, ಮೂರು ಆವೇಶದ್ದರಲ್ಲಿ 23. ಇಪ್ಪತ್ತನಾಲ್ಕಕ್ಕೂ ಇಪ್ಪತ್ತಮೂರಕ್ಕೂ ಇರುವ ಈ ಅಲ್ಪ ಭೇದವನ್ನು ಗುರುತಿಸಬೇಕಾದರೆ ಅತಿ ಸೂಕ್ಷ್ಮವಾದ ಅಳತೆ ಬೇಕಾಗುತ್ತದೆ.

ಆ ವೇಳೆಗೆ ವಿಜ್ಞಾನಿಗಳ ಕೈಗೆ ಮತ್ತೊಂದು ಸಾಧನವು ಒದಗಿಬಂದಿತು. ಅದು ನ್ಯೂಟ್ರಾನು. 1932ರಲ್ಲಿ ಜೇಮ್ಸ್ ಚಾಡ್‌ವಿಕ್ ಕಂಡುಹಿಡಿದ ಈ ಕಣಕ್ಕೆ ವಿದ್ಯುದಾವೇಶವಿಲ್ಲ. ಆದರೂ ಅದು ತಾನೇ ಒಂದು ಪುಟ್ಟ ಅಯಸ್ಕಾಂತದಂತೆ ವರ್ತಿಸುತ್ತದೆ. ಆದುದರಿಂದ ಕಾಂತವಸ್ತುವಿನೊಳಗೆ ನುಗ್ಗಿದ ನ್ಯೂಟ್ರಾನು, ಅಲ್ಲಿರುವ ಪ್ರತಿಯೊಂದು ಪರಮಾಣುವಿನ ಕಾಂತತ್ವವು ಯಾವ ದಿಕ್ಕಿಗೆ ಮುಖಮಾಡಿದೆ ಎಂಬುದನ್ನು ತಿಳಿಸಬಲ್ಲದು. ಪರಮಾಣು ರಿಯಾಕ್ಟರುಗಳು ನಿರ್ಮಾಣವಾದ ಮೇಲೆ ನ್ಯೂಟ್ರಾನುಗಳು ಧಾರಾಳವಾಗಿ ದೊರೆತವು. ಅಮೆರಿಕದ ಓಕ್ ರಿಜ್ ಪ್ರಯೋಗಾಲಯದಲ್ಲಿ ಅರ್ನೆಸ್ಟ್ ವೊಲನ್ ಮತ್ತು ಕ್ಲಿಫರ್ಡ್ ಶಲ್ ನ್ಯೂಟ್ರಾನುಗಳ ಚೆದುರುವಿಕೆಯನ್ನು ಒಂದು ಶಾಸ್ತ್ರವಾಗಿ ಬೆಳೆಸಿದರು. ಮ್ಯಾಗ್ನೆಟೈಟಿನ ಎರಡು ಬಗೆಯ ಪೀಠಗಳಲ್ಲಿರುವ ಕಬ್ಬಿಣದ ಅಯಾನುಗಳ ಕಾಂತತ್ವವು ಪರಸ್ಪರ ವಿರುದ್ಧ ದಿಕ್ಕಿಗೆ ಇರುತ್ತದೆಂದು ಫ್ರಾನ್ಸಿನ ಲೂಯಿ ನೀಲ್ 1948ರಲ್ಲಿ ತರ್ಕಿಸಿದ್ದರು. 1951ರಲ್ಲಿ ಓಕ್ ರಿಜ್‌ನ ನ್ಯೂಟ್ರಾನುಗಳು ಆ ಮಾತನ್ನು ನಿಜವೆಂದು ತೋರಿಸಿಕೊಟ್ಟವು. ಸೂಜಿಗಲ್ಲಿನ ಸೆಳೆತಕ್ಕೆ ಕಾರಣವೇನೆಂಬ ಹಳೆಯ ಪ್ರಶ್ನೆಗೆ ಹೀಗೆ ಉತ್ತರ ದೊರೆಯಿತು. ಇನ್ನು ಉಳಿದದ್ದು ಚಳಿಯಲ್ಲಿ ಅದರೊಳಗೆ ಆಗುವ ಮಾರ್ಪಾಟಿನ ಪ್ರಶ್ನೆ.

1958ರಲ್ಲಿ ಅಮೆರಿಕದ ಬ್ರೂಕ್‌ಹೇವನ್ ಪ್ರಯೋಗಾಲಯದ ವಾಲ್ಟರ್ ಹ್ಯಾಮಿಲ್ಟನ್ ತಂಪುಗೊಳಿಸಿದ ಮ್ಯಾಗ್ನೆಟೈಟ್ ಸ್ಫಟಿಕದ ಮೇಲೆ ನ್ಯೂಟ್ರಾನುಗಳನ್ನು ಹಾಯಿಸಿ ನೋಡಿದರು. ವರ್ವೆಯವರ ವಿನ್ಯಾಸವು ನಿಜವಾದರೆ ಗೊತ್ತಾದ ಒಂದು ಸ್ಥಳದಲ್ಲಿ ಹೊಸ ಗುರುತು ಬೀಳಬೇಕಾಗಿತ್ತು. ಗುರುತು ಕಾಣಿಸಿಕೊಂಡಿತು. ಊಹೆಯೂ ಪ್ರಯೋಗವೂ ಹೊಂದಿಕೊಂಡವು. ಸಮಸ್ಯೆ ಬಗೆಹರಿಯಿತೆಂದು ವಿದ್ವಾಂಸರು ತೃಪ್ತಿಪಟ್ಟರು. ಸುಮಾರು ಹತ್ತು ವರ್ಷಗಳ ಕಾಲ ಆ ತೃಪ್ತಿಗೆ ಭಂಗ ಬರಲಿಲ್ಲ.

1968ರಲ್ಲಿ ಮೊದಲ ಅಪಸ್ವರ ಕೇಳಿಸಿತು. ನ್ಯೂಟ್ರಾನುಗಳಿಂದ ಪರೀಕ್ಷಿಸಿದ ಒಂದು ತಂಡದವರಿಗೂ ಎಲೆಕ್ಟ್ರಾನು ಕಿರಣಗಳಿಂದ ಪರೀಕ್ಷಿಸಿದ ಜಪಾನಿನ ಮತ್ತೊಂದು ತಂಡದವರಿಗೂ, ವರ್ವೆಯವರ ವಿನ್ಯಾಸದಲ್ಲಿ ಇರಕೂಡದ ಜಾಗಗಳಲ್ಲಿ ಹೊಸ ಗುರುತುಗಳು ಕಂಡವು. ಮರುಕಳಿಸುವ ಅಂತರವು ಎಣಿಸಿದ್ದಕ್ಕಿಂತ ದೊಡ್ಡದಾಗಿದೆ, ಆದ್ದರಿಂದ ವಿನ್ಯಾಸವೂ ಎಣಿಸಿದಷ್ಟು ಸರಳವಲ್ಲ ಎಂದು ಇದರಿಂದ ತಿಳಿಯಿತು. ಹಾಗಿದ್ದರೆ ಹ್ಯಾಮಿಲ್ಟನ್ ಕಂಡ ಗುರುತಿನ ಗತಿಯೇನು? ಅದೇ ಬ್ರೂಕ್‌ಹೇವನ್‌ನಲ್ಲಿ ದುಡಿಯುತ್ತಿದ್ದ ಗೆನ್ ಶಿರಾನೆ ಮತ್ತು ಅವರ ಸಂಗಡಿಗರು ಆ ಗುರುತನ್ನು ಮತ್ತೆ ತೂಗಿನೋಡಿದರು. ಸ್ಫಟಿಕದೊಳಗೆ ಒಮ್ಮೆ ಚೆದುರಿದ ನ್ಯೂಟ್ರಾನು ಹೊರಬರುವ ಮುನ್ನ ಮತ್ತೊಂದು ಪದರಕ್ಕೆ ತಾಗಿ ಎರಡನೆಯ ಬಾರಿ ಚೆದುರುವುದುಂಟು. ಬಾವಿಯೊಳಗೆ ಕೂಗಿದ ದನಿಯು ಗೋಡೆಗೆ ತಾಗಿ ಬಂದಾಗ ಒಳಗಿನಿಂದ ಯಾರೋ ಕೂಗಿದಂತೆ ಭ್ರಮೆಯಾಗುವುದಿಲ್ಲವೇ? ಹಾಗೆಯೇ ಎರಡು ಬಾರಿ ಚೆದುರಿದ ನ್ಯೂಟ್ರಾನುಗಳು, ನಿಜವಾಗಿ ಏನೂ ಇರಬಾರದ ಸ್ಥಳದಲ್ಲಿಯೂ ಗುರುತನ್ನು ಮೂಡಿಸಬಲ್ಲವು. ಹದಿನೇಳು ವರ್ಷಗಳ ಹಿಂದೆ ಸಾಕ್ಷ್ಯವೆಂದು ನಂಬಿದ್ದ ಗುರುತು ಇಂಥದೊಂದು ಪ್ರತಿಧ್ವನಿ ಎಂಬುದು 1975ರಲ್ಲಿ ಸ್ಪಷ್ಟವಾಯಿತು.

ಈ ಪ್ರಸಂಗವು ಗಮನಿಸತಕ್ಕದ್ದು. ಹ್ಯಾಮಿಲ್ಟನ್ ನಿಪುಣರಾದ ವಿಜ್ಞಾನಿ. ಅವರು ಕಂಡದ್ದನ್ನೇ ಬರೆದರು, ಇಲ್ಲದ್ದನ್ನು ಸೇರಿಸಲಿಲ್ಲ. ಆದರೆ ನಿರೀಕ್ಷಿಸಿದ ಜಾಗದಲ್ಲಿ ನಿರೀಕ್ಷಿಸಿದ ಫಲವೇ ದೊರೆತಾಗ, ಅದಕ್ಕೆ ಬೇರೆ ಕಾರಣವೂ ಇರಬಹುದೇ ಎಂದು ಕೇಳುವುದು ಮನುಷ್ಯನಿಗೆ ಕಷ್ಟ. ನಿರಾಶೆಯು ನಮ್ಮನ್ನು ಎಚ್ಚರಿಸುತ್ತದೆ, ತೃಪ್ತಿಯು ಮಲಗಿಸುತ್ತದೆ. ಒಪ್ಪಿತವಾದ ಫಲಿತಾಂಶವನ್ನು ಮತ್ತೊಮ್ಮೆ ಒರೆಗೆ ಹಚ್ಚಿದವರು ಹಿಂದಿನವರಿಗೆ ಅಗೌರವ ತೋರಲಿಲ್ಲ. ಅವರು ಕೈಗೆತ್ತಿಕೊಂಡ ಕೆಲಸವನ್ನೇ ಮುಂದುವರಿಸಿದರು.

ಆಧಾರವು ಕುಸಿದ ಮೇಲೆ ಸಮಸ್ಯೆಯು ಮೊದಲಿಗಿಂತ ಜಟಿಲವಾಯಿತು. ತಂಪಾದ ಮ್ಯಾಗ್ನೆಟೈಟಿನ ಘನಾಕೃತಿಯು ಸ್ವಲ್ಪ ಓರೆಯಾಗುತ್ತದೆ. ಓರೆಯಾಗುವುದಕ್ಕೆ ಹಲವು ದಿಕ್ಕುಗಳುಂಟು. ಒಂದು ಸ್ಫಟಿಕದ ಬೇರೆ ಬೇರೆ ತುಣುಕುಗಳು ಬೇರೆ ಬೇರೆ ದಿಕ್ಕಿಗೆ ಓರೆಯಾದರೆ ಅವುಗಳ ಗುರುತುಗಳು ಒಂದರ ಮೇಲೊಂದು ಬಿದ್ದು ಕಲಸಿಹೋಗುತ್ತವೆ. ಹತ್ತು ಜನ ಏಕಕಾಲದಲ್ಲಿ ಹತ್ತು ಬಗೆಯ ಮಾತನ್ನಾಡಿದರೆ ಒಬ್ಬನ ಮಾತೂ ತಿಳಿಯದಂತೆ. ಇದರ ಜೊತೆಗೆ, ತಂಪಾದ ಸ್ಥಿತಿಯಲ್ಲಿ ಮರುಕಳಿಸುವ ಕೋಶವು ಹಿಂದಿನ ನಾಲ್ಕು ಕೋಶಗಳಷ್ಟು ದೊಡ್ಡದು. ಅದರಲ್ಲಿರುವ ಪರಮಾಣುಗಳು 224. ಇಷ್ಟನ್ನೂ ಒಟ್ಟಿಗೆ ಬಿಡಿಸುವುದು ಸಾಧ್ಯವಾಗದೆ 1982ರಲ್ಲಿ ಇಜುಮಿ ಮೊದಲಾದವರು ಸಣ್ಣದಾದ ಸ್ಥೂಲ ಕೋಶವನ್ನು ಕಲ್ಪಿಸಿಕೊಂಡು, ಪರಮಾಣುಗಳು ತಮ್ಮ ಸ್ಥಾನಗಳಿಂದ ಎಷ್ಟೆಷ್ಟು ಸರಿದಿವೆ ಎಂಬುದನ್ನು ನ್ಯೂಟ್ರಾನುಗಳಿಂದ ಅಳೆದರು. ಪರಮಾಣುಗಳು ಸರಿದದ್ದು ನಿಶ್ಚಯವಾಯಿತು. ಆವೇಶಕ್ರಮವು ಮಾತ್ರ ಕಣ್ಣಿಗೆ ಬೀಳಲಿಲ್ಲ.

2001ರಲ್ಲಿ ಜಾನ್ ರೈಟ್, ಪಾಲ್ ಆಟ್‌ಫೀಲ್ಡ್ ಮತ್ತು ಪಾವೊಲೊ ರಾಡಾಯೆಲ್ಲಿ ಎಂಬವರು ಮ್ಯಾಗ್ನೆಟೈಟಿನ ಪುಡಿಯ ಮೇಲೆ ಕ್ಷ-ಕಿರಣ ಮತ್ತು ನ್ಯೂಟ್ರಾನುಗಳೆರಡನ್ನೂ ಪ್ರಯೋಗಿಸಿದ ಫಲಿತಾಂಶವನ್ನು ಪ್ರಕಟಿಸಿದರು. ಕಬ್ಬಿಣವನ್ನು ಸುತ್ತುವರಿದ ಆಮ್ಲಜನಕಗಳು ಹತ್ತಿರವಿದ್ದರೆ ಆ ಕಬ್ಬಿಣದ ಆವೇಶ ಹೆಚ್ಚು, ದೂರವಿದ್ದರೆ ಕಡಿಮೆ ಎಂಬ ನಿಯಮವಿದೆ. ಈ ನಿಯಮದಂತೆ ಎಣಿಸಿದಾಗ ಆವೇಶಗಳು ಎರಡು ಮತ್ತು ಮೂರು ಆಗಿರದೆ 2.4 ಮತ್ತು 2.6ರಷ್ಟಿವೆ ಎಂದು ಕಂಡುಬಂದಿತು. ಭೇದವಿರುವುದೇನೋ ನಿಜ, ಆದರೆ ಅದು ಒಂದರಷ್ಟಲ್ಲ, ಅದರ ಐದನೆಯ ಒಂದು ಪಾಲಿನಷ್ಟು ಮಾತ್ರ. ಇಷ್ಟು ಅಲ್ಪವಾದುದನ್ನು ಆವೇಶಕ್ರಮವೆಂದು ಕರೆಯಬಹುದೇ ಎಂದು ಚರ್ಚೆ ಎದ್ದಿತು. ವರ್ವೆಯವರ ಕಲ್ಪನೆಯೇ ತಪ್ಪಾಗಿರಬೇಕೆಂದು ಹೇಳಿದವರೂ ಇದ್ದರು.

ಕೊನೆಗೆ ದಾರಿ ತೋರಿದ್ದು ಅತಿ ಚಿಕ್ಕದಾದ ಒಂದು ಹರಳು. ಫ್ರಾನ್ಸಿನ ಗ್ರೆನೋಬಲ್ ನಗರದಲ್ಲಿ ಯುರೋಪಿನ ದೇಶಗಳು ಕೂಡಿ ಕಟ್ಟಿದ ಸಿಂಕ್ರೊಟ್ರಾನ್ ಕೇಂದ್ರವಿದೆ. ಅಲ್ಲಿ ಎಲೆಕ್ಟ್ರಾನುಗಳು ಬೆಳಕಿನ ವೇಗಕ್ಕೆ ಸಮೀಪದ ವೇಗದಲ್ಲಿ ದೊಡ್ಡದೊಂದು ಉಂಗುರದ ದಾರಿಯಲ್ಲಿ ಸುತ್ತುತ್ತ ಅತ್ಯಂತ ಪ್ರಖರವಾದ ಕ್ಷ-ಕಿರಣಗಳನ್ನು ಹೊಮ್ಮಿಸುತ್ತವೆ. ಕಿರಣವು ಪ್ರಖರವಾಗಿದ್ದರೆ ಹರಳು ಎಷ್ಟು ಚಿಕ್ಕದಾದರೂ ಸಾಕು. ಹರಳು ಚಿಕ್ಕದಾದಷ್ಟೂ ಅದು ಹಲವು ದಿಕ್ಕಿಗೆ ಒಡೆಯದೆ ಒಂದೇ ದಿಕ್ಕಿಗೆ ಓರೆಯಾಗುವ ಸಂಭವ ಹೆಚ್ಚು. ಮಾರ್ಕ್ ಸೆನ್, ಜಾನ್ ರೈಟ್ ಮತ್ತು ಪಾಲ್ ಆಟ್‌ಫೀಲ್ಡ್ ಮಿಲಿಮೀಟರಿನ ನೂರರಲ್ಲಿ ನಾಲ್ಕು ಭಾಗದಷ್ಟು ಗಾತ್ರದ ಹರಳೊಂದನ್ನು ಆರಿಸಿಕೊಂಡು ಸೊನ್ನೆಗಿಂತ ಸುಮಾರು 183 ಡಿಗ್ರಿ ಸೆಲ್ಸಿಯಸ್ ಕೆಳಗೆ ತಂಪುಗೊಳಿಸಿದರು. ಕಣ್ಣಿಗೆ ಕಂಡೂ ಕಾಣದ ಆ ಕಣವು ಒಂದೇ ದನಿಯಲ್ಲಿ ಮಾತನಾಡಿತು. 224 ಪರಮಾಣುಗಳ ಪೂರ್ಣ ವಿನ್ಯಾಸವು ಬಿಡಿಸಿಕೊಂಡಿತು. 2012ರಲ್ಲಿ ಈ ಫಲಿತಾಂಶ ಪ್ರಕಟವಾದಾಗ ವರ್ವೆಯವರ ಲೇಖನಕ್ಕೆ ಎಪ್ಪತ್ತಮೂರು ವರ್ಷಗಳು ತುಂಬಿದ್ದವು.

ಆ ಹರಳು ಹೇಳಿದ್ದೇನು? ಎರಡು ಆವೇಶದ ಮತ್ತು ಮೂರು ಆವೇಶದ ಅಯಾನುಗಳು ಚಳಿಯಲ್ಲಿ ಕ್ರಮವಾಗಿ ನೆಲೆನಿಲ್ಲುತ್ತವೆ ಎಂಬ ವರ್ವೆಯವರ ಮೂಲಭಾವನೆಯು ಸ್ಥೂಲವಾಗಿ ಸರಿಯಾಗಿತ್ತು. ಆದರೆ ಕ್ರಮವು ಅವರು ಎಣಿಸಿದ ಒಂದನ್ನು ಬಿಟ್ಟು ಒಂದರ ಪದರವಲ್ಲ. ಅಲ್ಲದೆ ಜಿಗಿದಾಟ ನಿಲ್ಲಿಸಿದ ಎಲೆಕ್ಟ್ರಾನು ಒಂದೇ ಅಯಾನಿನ ಸ್ವತ್ತಾಗಿ ಉಳಿಯುವುದೂ ಇಲ್ಲ. ಸಾಲಾಗಿ ನಿಂತ ಮೂರು ಕಬ್ಬಿಣದ ಅಯಾನುಗಳಲ್ಲಿ ನಡುವಿನದು ಆ ಎಲೆಕ್ಟ್ರಾನಿನ ಮುಖ್ಯ ನೆಲೆ. ಎರಡೂ ಪಕ್ಕದವುಗಳಿಗೆ ಅದರ ಅಲ್ಪ ಪಾಲು ಸಲ್ಲುತ್ತದೆ. ಪಾಲನ್ನು ಪಡೆದ ನೆರೆಯವು ನಡುವಿನದರ ಕಡೆಗೆ ಸ್ವಲ್ಪ ವಾಲಿಕೊಳ್ಳುತ್ತವೆ. ಮೂರರ ಈ ಕೂಟಕ್ಕೆ ವಿಜ್ಞಾನಿಗಳು ಟ್ರೈಮರಾನ್ ಎಂದು ಹೆಸರಿಟ್ಟರು. ಆವೇಶಗಳ ಭೇದವು ಹಿಂದಿನವರ ಅಳತೆಯಲ್ಲಿ ಅಷ್ಟು ಅಲ್ಪವಾಗಿ ಏಕೆ ಕಂಡಿತೆಂಬುದೂ ಇದರಿಂದ ಅರ್ಥವಾಯಿತು. ಪುಡಿಯ ಅಳತೆಯಲ್ಲಿ ಹಲವು ಅಯಾನುಗಳ ಸರಾಸರಿಯಷ್ಟೇ ಕಂಡಿತ್ತು. ನಡುವಿನದು ತನ್ನದನ್ನು ನೆರೆಯವರೊಡನೆ ಹಂಚಿಕೊಂಡಿತ್ತು.

ಈ ಬಗೆಯ ಆವೇಶಕ್ರಮವು ಮ್ಯಾಗ್ನೆಟೈಟಿಗೆ ಮಾತ್ರ ಸೀಮಿತವಾದುದಲ್ಲ. ಮ್ಯಾಂಗನೀಸ್ ಲೋಹದ ಕೆಲವು ಆಕ್ಸೈಡುಗಳಲ್ಲಿಯೂ ಇದು ಕಂಡುಬರುತ್ತದೆ. 1955ರಲ್ಲಿ ವೊಲನ್ ಮತ್ತು ಕೋಲರ್ ಅವರು ಲ್ಯಾಂಥನಮ್, ಕ್ಯಾಲ್ಸಿಯಂ ಮತ್ತು ಮ್ಯಾಂಗನೀಸುಗಳನ್ನುಳ್ಳ ಆಕ್ಸೈಡುಗಳನ್ನು ನ್ಯೂಟ್ರಾನುಗಳಿಂದ ಪರೀಕ್ಷಿಸಿದರು. ಅವರು ಕಂಡ ಕಾಂತವಿನ್ಯಾಸಗಳಿಗೆ ಜಾನ್ ಗುಡಿನಫ್ ಅದೇ ವರ್ಷ ತಾತ್ತ್ವಿಕ ವಿವರಣೆಯನ್ನು ನೀಡಿದರು. ಬೆಂಗಳೂರಿನಲ್ಲಿ ಜನಿಸಿ ಅಲ್ಲಿಯೇ ತಮ್ಮ ಸಂಶೋಧನೆಯ ಬಹುಭಾಗವನ್ನು ನಡೆಸಿದ ರಸಾಯನವಿಜ್ಞಾನಿ ಸಿ. ಎನ್. ಆರ್. ರಾವ್ ಅವರು ಮತ್ತು ಅವರ ಸಹೋದ್ಯೋಗಿಗಳು ಈ ಮ್ಯಾಂಗನೀಸ್ ಆಕ್ಸೈಡುಗಳ ಆವೇಶಕ್ರಮವನ್ನು ಕುರಿತು ವಿಪುಲವಾಗಿ ಕೆಲಸ ಮಾಡಿದ್ದಾರೆ. ಫ್ರಾನ್ಸಿನ ಬರ್ನಾರ್ ರಾವೋ ಅವರೊಡನೆ ಅವರು ಸಂಪಾದಿಸಿದ, ಇದೇ ವಿಷಯದ ಗ್ರಂಥವು 1998ರಲ್ಲಿ ಹೊರಬಂದಿತು. ನ್ಯೂಟ್ರಾನುಗಳ ಚೆದುರುವಿಕೆಯನ್ನು ಅಭ್ಯಸಿಸುವ ಅನುಕೂಲವು ನಮ್ಮ ದೇಶದಲ್ಲಿಯೂ ಉಂಟು. ಮುಂಬಯಿಯ ಟ್ರಾಂಬೆಯಲ್ಲಿ 1985ರಲ್ಲಿ ಕಾರ್ಯಾರಂಭ ಮಾಡಿದ ಧ್ರುವ ರಿಯಾಕ್ಟರು ಅದಕ್ಕೆ ನೆರವಾಯಿತು.

ಮ್ಯಾಗ್ನೆಟೈಟಿನ ಪ್ರಶ್ನೆಯಾದರೂ ಅಲ್ಲಿಗೆ ಮುಗಿಯಲಿಲ್ಲ. ಪರಮಾಣುಗಳ ಸಣ್ಣ ವಾಲಾಟಗಳು ಚಳಿಯಲ್ಲಿ ಥಟ್ಟನೆ ಹುಟ್ಟುವುದಿಲ್ಲ. ಕ್ರಮವಿಲ್ಲದ ರೂಪದಲ್ಲಿ ಅವು ಕಾದ ಮ್ಯಾಗ್ನೆಟೈಟಿನಲ್ಲಿಯೂ ಇರುತ್ತವೆ, ಕಲ್ಲು ತನ್ನ ಕಾಂತಶಕ್ತಿಯನ್ನು ಕಳೆದುಕೊಳ್ಳುವ ಸುಮಾರು 580 ಡಿಗ್ರಿ ಸೆಲ್ಸಿಯಸ್‌ವರೆಗೂ ಉಳಿದಿರುತ್ತವೆ ಎಂದು 2019ರ ಕ್ಷ-ಕಿರಣ ಅಧ್ಯಯನವೊಂದು ತೋರಿಸಿತು. ಅಂದರೆ ಸಾಲಾಗಿ ಕುಳಿತುಕೊಳ್ಳುವ ಮುನ್ನವೇ ಸಂತೆಯ ಜನರಲ್ಲಿ ಮೂವರು ಮೂವರ ಗುಂಪುಗಳು ಕೂಡುತ್ತ ಚೆದುರುತ್ತ ಇದ್ದವು. ಒಂದು ಬಾಗಿಲು ತೆರೆದರೆ ಒಳಗೆ ಮತ್ತೊಂದು ಬಾಗಿಲು.

ವರ್ವೆ 1981ರಲ್ಲಿ ತೀರಿಕೊಂಡರು. ಅವರು ಕೇಳಿದ ಪ್ರಶ್ನೆಗೆ ಆಗಿನ್ನೂ ಉತ್ತರ ದೊರೆತಿರಲಿಲ್ಲ. ದೊರೆತಿದೆಯೆಂದು ತಿಳಿದಿದ್ದ ಉತ್ತರವೂ ಕೈಬಿಟ್ಟುಹೋಗಿತ್ತು. ಆದರೆ ಪ್ರಶ್ನೆಯನ್ನು ಕೇಳಿದವನೊಡನೆ ಪ್ರಶ್ನೆಯು ಸಾಯುವುದಿಲ್ಲ. ಹಾಲೆಂಡಿನಲ್ಲಿ ಹುಟ್ಟಿದ ಸಂಶಯವನ್ನು ಅಮೆರಿಕದವರು ಎತ್ತಿಕೊಂಡರು, ಜಪಾನಿನವರು ತಿದ್ದಿದರು, ಇಂಗ್ಲೆಂಡು ಸ್ಕಾಟ್ಲೆಂಡು ಫ್ರಾನ್ಸುಗಳಲ್ಲಿ ದುಡಿದವರು ದಡ ಸೇರಿಸಿದರು. ಒಬ್ಬರು ಎಡವಿದ ಸ್ಥಳದಲ್ಲಿ ಇನ್ನೊಬ್ಬರು ದೀಪವಿಟ್ಟರು. ವರ್ವೆಯವರು ಪೂರ್ತಿಯಾಗಿ ಸರಿಯಾಗಿಯೂ ಇರಲಿಲ್ಲ, ಪೂರ್ತಿಯಾಗಿ ತಪ್ಪಾಗಿಯೂ ಇರಲಿಲ್ಲ. ಸತ್ಯವು ಅನೇಕ ವೇಳೆ ಹೀಗೆಯೇ ಇರುತ್ತದೆ. ಅದನ್ನು ಅರಿಯಲು ಚುರುಕಾದ ಬುದ್ಧಿಯೊಂದೇ ಸಾಲದು; ಒಪ್ಪಿಗೆಯಾದ ಉತ್ತರವನ್ನೂ ಮರಳಿ ಪರೀಕ್ಷಿಸುವ ಪ್ರಾಮಾಣಿಕತೆ ಬೇಕು, ತಕ್ಕ ಸಾಧನವು ಸಿದ್ಧವಾಗುವವರೆಗೆ ಕಾಯುವ ತಾಳ್ಮೆಯೂ ಬೇಕು. ಕಾಲ ಕೆಳಗೆ ಬಿದ್ದಿರುವ ಕಪ್ಪು ಕಲ್ಲೊಂದು ಅಷ್ಟನ್ನು ಕಲಿಸಬಲ್ಲದಾದರೆ, ಅದರ ಸೆಳೆತವು ಸೂಜಿಯೊಂದಕ್ಕೇ ನಿಲ್ಲುವುದಿಲ್ಲ.

ಅಭ್ಯಾಸ

1. ಅಯಸ್ಕಾಂತ ಎಂಬ ಪದದ ಅರ್ಥವನ್ನು ಬಿಡಿಸಿ ಬರೆಯಿರಿ.
2. ಆವೇಶಕ್ರಮ ಎಂದರೇನು? ಚುಕ್ಕಿ ರಂಗೋಲಿಯ ಹೋಲಿಕೆಯಿಂದ ವಿವರಿಸಿರಿ.
3. ತಂಪುಗೊಳಿಸಿದ ಮ್ಯಾಗ್ನೆಟೈಟಿನಲ್ಲಿ ವರ್ವೆಯವರು ಕಂಡ ಬದಲಾವಣೆ ಯಾವುದು? ಅದಕ್ಕೆ ಅವರು ಕೊಟ್ಟ ಕಾರಣವೇನು?
4. 1958ರ ಸಾಕ್ಷ್ಯವು 1975ರಲ್ಲಿ ಏಕೆ ಬಿದ್ದುಹೋಯಿತು?
5. ದೊಡ್ಡ ಸ್ಫಟಿಕವು ಹೇಳಲಾರದ್ದನ್ನು ಚಿಕ್ಕ ಹರಳು ಹೇಳಿದ್ದು ಹೇಗೆ?
6. ‘ನಿರಾಶೆಯು ನಮ್ಮನ್ನು ಎಚ್ಚರಿಸುತ್ತದೆ, ತೃಪ್ತಿಯು ಮಲಗಿಸುತ್ತದೆ’ – ಈ ಮಾತನ್ನು ಪಾಠದ ಸಂದರ್ಭದೊಡನೆ ಸಮರ್ಥಿಸಿರಿ.